ಪೊರಾಸಿಟಿ ಒಂದರಿಂದಲೇ ಪರ್ಮಿಯಬಿಲಿಟಿ ಸಿಗುವುದಿಲ್ಲ

ಕುಂಬಳೆ ಕಡಲಬದಿಯ ಮರಳಿನಲ್ಲಿ ರೆಸಿಸ್ಟಿವಿಟಿ ಸರ್ವೆ (ನೆಲ ಕರೆಂಟಿಗೆ ಎಷ್ಟು ತಡೆ ಒಡ್ಡುತ್ತದೆ ಅಂತ ಅಳೆಯುವುದು) ಮಾಡಿಸಿ ಪೊರಾಸಿಟಿ, ಅಂದರೆ ಕಣಗಳ ನಡುವಿನ ಖಾಲಿ ಜಾಗ, ಶೇ. 35 ಅಂತ ತೆಗೆದಿದ್ದೀರಿ, ಅದರಿಂದಲೇ ಪರ್ಮಿಯಬಿಲಿಟಿ, ಅಂದರೆ ನೀರು ಎಷ್ಟು ಸುಲಭವಾಗಿ ಹಾದುಹೋಗುತ್ತದೆ ಅನ್ನುವುದನ್ನು, ಲೆಕ್ಕ ಹಾಕಬಹುದಾ ಅಂತ ಕೇಳಿದ್ದೀರಲ್ಲ ಸರ್, ಅದೊಂದೇ ಸಂಖ್ಯೆಯಿಂದ ಆಗುವುದಿಲ್ಲ. ಕಣದ ಗಾತ್ರ ಬೇಕೇ ಬೇಕು. ಪೊರಾಸಿಟಿ, ಕಣದ ಗಾತ್ರ ಎರಡರಿಂದ ಪರ್ಮಿಯಬಿಲಿಟಿ ಅಂದಾಜು ಮಾಡುವ ಕೊಜೆನಿ-ಕಾರ್ಮನ್ ಸೂತ್ರದಲ್ಲಿ ಅದು ಕಣದ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಪೊರಾಸಿಟಿ ಅದೇ ಶೇ. 35 ಇದ್ದರೂ 0.5 ಮಿಲಿಮೀಟರ್ ಮರಳಿಗೂ 0.1 ಮಿಲಿಮೀಟರ್ ಮರಳಿಗೂ 25 ಪಟ್ಟು ವ್ಯತ್ಯಾಸ. ಜೇಡಿಯನ್ನೇ ನೋಡಿ, ಅದರ ಪೊರಾಸಿಟಿ ಮರಳಿಗಿಂತ ಜಾಸ್ತಿ ಇರುವುದುಂಟು, ನೀರು ಮಾತ್ರ ಬಿಡುವುದಿಲ್ಲ, ಅಲ್ವಾ?

ಆ ಶೇ. 35ನ್ನೂ ನಾನು ಸುಲಭಕ್ಕೆ ನಂಬುವುದಿಲ್ಲ. ರೆಸಿಸ್ಟಿವಿಟಿಯಿಂದ ಪೊರಾಸಿಟಿ ತೆಗೆಯುವ 1942ರ ಆರ್ಚಿ ಸೂತ್ರ ಜೇಡಿ ಇಲ್ಲದ ಮರಳುಗಲ್ಲಿಗೆ ಮಾಡಿದ್ದು. ಜೇಡಿ ತಾನೇ ಕರೆಂಟ್ ಹರಿಸುತ್ತದೆ, ಉಪ್ಪುನೀರು ನುಗ್ಗಿದ್ದರೂ ರೆಸಿಸ್ಟಿವಿಟಿ ಇಳಿಯುತ್ತದೆ, ಸಿಹಿನೀರು ಅಂದುಕೊಂಡು ಲೆಕ್ಕ ಹಾಕಿದರೆ ಪೊರಾಸಿಟಿ ಸುಮ್ನೆ ಉಬ್ಬಿ ಬರುತ್ತದೆ. ಪಕ್ಕದ ಬಾವಿಯ ನೀರಿನ ಕಂಡಕ್ಟಿವಿಟಿ (ಅದು ಎಷ್ಟು ಕರೆಂಟ್ ಹರಿಸುತ್ತದೆ ಅನ್ನುವುದು) ಅಳೆದು ಹಾಕಿದ್ದೀರಾ? ಎನ್‌ಎಂಆರ್ (ನೀರಿನ ಹೈಡ್ರೋಜನ್‌ನ ಕಾಂತೀಯ ಪ್ರತಿಕ್ರಿಯೆ ಅಳೆಯುವ ಪರೀಕ್ಷೆ) ಆದರೆ ರಂಧ್ರದ ಗಾತ್ರದ ಸುಳಿವೂ ಸಿಗುತ್ತದೆ, ಆದರೆ ಮನೆ ಬಾವಿಗೆ ಅಷ್ಟು ಖರ್ಚು ಯಾಕೆ. ಕಣದ ಗಾತ್ರ ತಿಳಿಯಲು ಮರಳನ್ನು ಜರಡಿ ಹಿಡಿಸಿ, ಒಂದು ಪಂಪಿಂಗ್ ಟೆಸ್ಟ್ (ನೀರೆತ್ತಿ ಮಟ್ಟ ಎಷ್ಟು ಇಳಿಯುತ್ತದೆ ಅಂತ ನೋಡುವುದು) ಮಾಡಿಸಿ, ಸೂತ್ರದ ಲೆಕ್ಕವನ್ನು ಅದಕ್ಕೆ ಹೊಂದಿಸಿಕೊಳ್ಳಿ. ಹಿಂದುಗಡೆಯ ಮುರಕಲ್ಲಿನ (ಲ್ಯಾಟರೈಟ್) ಗುಡ್ಡಕ್ಕೆ ಮಾತ್ರ ಇದೇ ಲೆಕ್ಕ ಒಯ್ಯಬೇಡಿ, ಅಲ್ಲಿ ನೀರು ಜಾಸ್ತಿ ಬಿಲ, ಬಿರುಕುಗಳಲ್ಲಿ ಓಡುತ್ತದೆ.