ಲಿಂಕ್ಡ್‌ಇನ್ ಪ್ರೊಫೈಲ್ ನೋಡಿ ಗ್ರಾಹಕರು ವಿಚಾರಿಸಬೇಕಾದರೆ ಅದರಲ್ಲಿ ಏನನ್ನು ಬದಲಿಸಬೇಕು?

ಗದಗಿನ ವರ್ಕ್‌ಶಾಪ್‌ನಲ್ಲಿ ಎಂಟು ವರ್ಷ ಡ್ರಾಫ್ಟ್ಸ್‌ಮನ್ ಆಗಿ ದುಡಿದು, ಈಗ ಮನೆಯಿಂದಲೇ ಯಂತ್ರಭಾಗಗಳ ಡ್ರಾಯಿಂಗ್ ಮಾಡಿಕೊಡುತ್ತಿರುವ ನೀವು, ಲಿಂಕ್ಡ್‌ಇನ್ ಖಾತೆ ತೆರೆದು ವರ್ಷ ಕಳೆದರೂ ಒಬ್ಬ ಗ್ರಾಹಕರೂ ವಿಚಾರಿಸಿಲ್ಲ ಎಂದು ಬರೆದಿದ್ದೀರಿ. ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಇದೇ ಕೆಲಸ ಮಾಡುತ್ತೇನೆ. ಮೊದಲ ಎರಡು ವರ್ಷ ನನಗೂ ಯಾರೂ ಕರೆ ಮಾಡಿರಲಿಲ್ಲ.

ನಾನು ಮಾಡಿದ್ದ ತಪ್ಪೆಂದರೆ, ಪ್ರೊಫೈಲನ್ನು ನೌಕರಿಗೆ ಕೊಡುವ ಬಯೋಡೇಟಾದಂತೆ ತುಂಬಿದ್ದು. ಡಿಪ್ಲೊಮಾ, ಅಂಕಗಳು, ದುಡಿದ ಸಂಸ್ಥೆಗಳು ಎಲ್ಲವೂ ಅದರಲ್ಲಿದ್ದವು. ಆದರೆ ನನ್ನಿಂದ ಯಾರ ಯಾವ ತೊಂದರೆ ಬಗೆಹರಿಯುತ್ತದೆ ಎಂಬುದು ಎಲ್ಲಿಯೂ ಇರಲಿಲ್ಲ. ತಾರಿಹಾಳದ ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದವರನ್ನೋ ಬೆಳಗಾವಿಯ ಫೌಂಡ್ರಿಯ (ಲೋಹದ ಎರಕ ಹೊಯ್ಯುವ ಕಾರ್ಖಾನೆ) ಖರೀದಿ ವಿಭಾಗದವರನ್ನೋ ಕಣ್ಣ ಮುಂದೆ ತಂದುಕೊಳ್ಳಿ. ಹಳೆಯ ಯಂತ್ರದ ಗೇರ್ ಸವೆದಿದೆ, ಅದರ ಡ್ರಾಯಿಂಗ್ ಕಳೆದುಹೋಗಿದೆ, ಯಂತ್ರ ನಿಂತಿದೆ. ಅಂಥವರು ಹುಡುಕುವುದು ‘ರಿವರ್ಸ್ ಎಂಜಿನಿಯರಿಂಗ್’ (ಇರುವ ಭಾಗವನ್ನು ಅಳೆದು ಅದರ ಡ್ರಾಯಿಂಗ್ ಮಾಡುವುದು), ‘ಕಾಸ್ಟಿಂಗ್ ಡ್ರಾಯಿಂಗ್’ (ಎರಕದ ಭಾಗದ ಡ್ರಾಯಿಂಗ್) ಎಂಬ ಪದಗಳನ್ನೇ ಹೊರತು ‘ಅನುಭವಿ ಡಿಸೈನರ್’ ಎಂಬುದನ್ನಲ್ಲ.

ಆದ್ದರಿಂದ ಮೊದಲು ಹೆಸರಿನ ಕೆಳಗಿನ ಹೆಡ್‌ಲೈನ್ ಬದಲಿಸಿ. ನಾವು ಏನನ್ನೂ ಬರೆಯದಿದ್ದರೆ ಅಲ್ಲಿ ಹುದ್ದೆ ಮತ್ತು ಸಂಸ್ಥೆಯ ಹೆಸರು ತಾನಾಗಿಯೇ ಕೂರುತ್ತದೆ. ಆ ಜಾಗದಲ್ಲಿ 220 ಅಕ್ಷರಗಳಿಗೆ ಅವಕಾಶವಿದೆ. ಸವೆದ ಭಾಗವನ್ನು ಅಳೆದು ಉತ್ಪಾದನೆಗೆ ಸಿದ್ಧವಾದ ಡ್ರಾಯಿಂಗ್ ಕೊಡುತ್ತೀರಿ ಎಂಬುದನ್ನು, ವಾಲ್ವ್, ಗೇರ್, ಕಾಸ್ಟಿಂಗ್ ಎಂಬ ಪದಗಳನ್ನು, ಬಳಸುವ ಸಾಫ್ಟ್‌ವೇರ್ ಮತ್ತು ಊರನ್ನು ಸರಳ ಇಂಗ್ಲಿಷಿನಲ್ಲಿ ಅಲ್ಲಿ ಬರೆಯಿರಿ. ಹೊರ ಜಿಲ್ಲೆ, ಹೊರ ರಾಜ್ಯದವರೂ ಓದುವಂತಾಗಬೇಕು. ಫೋಟೊ ಮೇಲೆ ‘ಓಪನ್ ಟು ವರ್ಕ್’ ಎಂಬ ಹಸಿರು ಪಟ್ಟಿ ಇದ್ದರೆ ತೆಗೆಯಿರಿ, ಅದು ನೀವು ನೌಕರಿ ಹುಡುಕುತ್ತಿದ್ದೀರಿ ಎಂದು ಹೇಳುತ್ತದೆ. ಬದಲಿಗೆ ಸೇವೆ ಒದಗಿಸುವವರಿಗಾಗಿ ಇರುವ ಸರ್ವಿಸಸ್ ವಿಭಾಗವನ್ನು ತುಂಬಿ.

‘ಅಬೌಟ್’ ವಿಭಾಗದಲ್ಲಿ 2,600 ಅಕ್ಷರಗಳವರೆಗೆ ಬರೆಯಬಹುದಾದರೂ, ಒತ್ತಿ ಬಿಡಿಸುವ ಮುನ್ನ ಕಾಣುವುದು ಮೊದಲ ಕೆಲವು ಸಾಲುಗಳು ಮಾತ್ರ. ಆ ಸಾಲುಗಳಲ್ಲಿ ನಿಮ್ಮ ಓದು ಬೇಡ, ಗ್ರಾಹಕರ ತೊಂದರೆ ಇರಲಿ. ಅವರು ನಿಮಗೆ ಏನು ಕಳುಹಿಸಬೇಕು (ಭಾಗದ ಮಾದರಿ, ಫೋಟೊ, ಲೋಹ ಯಾವುದು, ಎಷ್ಟು ನಗ ಬೇಕು), ನೀವು ಯಾವ ರೂಪದಲ್ಲಿ ಎಷ್ಟು ದಿನಗಳಲ್ಲಿ ಕೊಡುತ್ತೀರಿ ಎಂಬುದನ್ನು ನಂತರ ವಿವರಿಸಿ. ಕೊನೆಗೆ ಇಮೇಲ್ ವಿಳಾಸವನ್ನು ಅಲ್ಲಿಯೇ ಬರೆಯಿರಿ, ಏಕೆಂದರೆ ಸಂಪರ್ಕ ವಿವರದಲ್ಲಿ ಹಾಕಿದ ಫೋನ್ ಸಂಖ್ಯೆ ನಿಮ್ಮ ಕನೆಕ್ಷನ್ (ಕೋರಿಕೆ ಒಪ್ಪಿ ನಿಮ್ಮೊಂದಿಗೆ ಸೇರಿಕೊಂಡವರು) ಅಲ್ಲದವರಿಗೆ ಕಾಣುವುದಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ‘ಫೀಚರ್ಡ್’ ವಿಭಾಗದಲ್ಲಿ ಕೆಲಸದ ಮಾದರಿ ತೋರಿಸಲೇಬೇಕು, ಆದರೆ ಹಳೆಯ ವರ್ಕ್‌ಶಾಪ್‌ನ ಅಥವಾ ಗ್ರಾಹಕರ ಡ್ರಾಯಿಂಗನ್ನು ಅವರ ಒಪ್ಪಿಗೆ ಇಲ್ಲದೆ ಖಂಡಿತ ಹಾಕಬೇಡಿ. ಡ್ರಾಯಿಂಗ್ ಅವರ ಆಸ್ತಿ. ಇನ್ನೊಬ್ಬರದನ್ನು ಊರಿಗೆಲ್ಲ ತೋರಿಸಿದವರಿಗೆ ತಮ್ಮದನ್ನು ಕೊಡಲು ಯಾರೂ ಧೈರ್ಯ ಮಾಡುವುದಿಲ್ಲ. ನಾನು ಮಾಡಿದ್ದು ಹೀಗೆ: ಹಾರ್ಡ್‌ವೇರ್ ಅಂಗಡಿಯಿಂದ ಒಂದು ಸಣ್ಣ ಗೇಟ್ ವಾಲ್ವ್ ಕೊಂಡು ತಂದೆ, ಅದನ್ನು ಪೂರ್ತಿ ಬಿಚ್ಚಿ ವರ್ನಿಯರ್‌ನಿಂದ ಅಳೆದೆ, ತ್ರಿಡಿ ಮಾದರಿ ಮತ್ತು ಅಳತೆಗಳಿರುವ ಹಾಳೆ ಎರಡನ್ನೂ ತಯಾರಿಸಿ, ಇದು ಅಭ್ಯಾಸಕ್ಕಾಗಿ ಮಾಡಿದ ಮಾದರಿ ಎಂದು ಸ್ಪಷ್ಟವಾಗಿ ಬರೆದು ಹಾಕಿದೆ. ಎರಕ ಆರಿದಾಗ ಬೀಡು ಕಬ್ಬಿಣ ಸುಮಾರು ಶೇ 1ರಷ್ಟು, ಉಕ್ಕು ಸುಮಾರು ಶೇ 2ರಷ್ಟು ಕುಗ್ಗುವುದರಿಂದ ಪ್ಯಾಟರ್ನ್ (ಎರಕದ ಅಚ್ಚು ಮಾಡಲು ಬಳಸುವ ಮಾದರಿ) ಅಳತೆಯನ್ನು ಹೇಗೆ ಹೆಚ್ಚಿಸಿಕೊಂಡೆ, ಮಷಿನಿಂಗ್‌ಗೆ (ಯಂತ್ರದಲ್ಲಿ ಕೆತ್ತಿ ಅಳತೆಗೆ ತರಲು) ಎಲ್ಲೆಲ್ಲಿ ಹೆಚ್ಚುವರಿ ಲೋಹ ಬಿಟ್ಟೆ ಎಂಬುದನ್ನೂ ಜೊತೆಗೆ ವಿವರಿಸಿದೆ. ನನಗೆ ಬಂದ ಮೊದಲ ವಿಚಾರಣೆ ಆ ವಿವರಣೆಯನ್ನು ಓದಿದ ಫೌಂಡ್ರಿಯವರದೇ. ಚಿತ್ರ ಅಂದವಾಗಿರುವುದಕ್ಕಿಂತ, ಫೌಂಡ್ರಿಯ ಕೆಲಸ ಬಲ್ಲವನು ಇದನ್ನು ಬರೆದಿದ್ದಾನೆ ಎಂಬ ನಂಬಿಕೆ ಅವರಿಗೆ ಬೇಕಾಗಿತ್ತು.

ದಿನವೂ ಪೋಸ್ಟ್ ಹಾಕಬೇಕೆಂಬ ಸಲಹೆಯನ್ನು ನಾನು ಪಾಲಿಸಿಲ್ಲ. ತಿಂಗಳಿಗೆ ಒಂದೆರಡು ಬಾರಿ ಇಂಥ ಕೆಲಸದ ವಿವರ ಬರೆದರೆ ಸಾಕಾಗುತ್ತದೆ. ಕನೆಕ್ಷನ್ ಕೋರಿಕೆ ಕಳುಹಿಸಿದ ಕೂಡಲೇ ದರಪಟ್ಟಿ ಕಳುಹಿಸುವುದು ಮಾತ್ರ ಬೇಡ.

ಇನ್ನು ಶಿಫಾರಸು. ನಿಮ್ಮ ಹಳೆಯ ಮಾಲೀಕರು ನಿಮ್ಮ ಕನೆಕ್ಷನ್ ಆಗಿದ್ದರೆ ಮಾತ್ರ ಅಲ್ಲಿ ರೆಕಮೆಂಡೇಶನ್ ಬರೆಯಬಲ್ಲರು, ಮತ್ತು ನಮ್ಮ ಕಡೆಯ ಅನೇಕ ವರ್ಕ್‌ಶಾಪ್ ಮಾಲೀಕರಿಗೆ ಖಾತೆಯೇ ಇರುವುದಿಲ್ಲ. ಮೆಸೇಜ್ ಕಳುಹಿಸಿ ಸುಮ್ಮನಾಗದೆ ಗದಗಿನಲ್ಲಿ ಅವರನ್ನು ಕಂಡು, ಯಾವ ಭಾಗದ ಡ್ರಾಯಿಂಗ್ ಮಾಡಿಕೊಟ್ಟಿರಿ, ಹೇಳಿದ ದಿನಕ್ಕೆ ಕೊಟ್ಟಿರೋ ಇಲ್ಲವೋ ಎಂಬ ಎರಡು ಸಾಲುಗಳನ್ನು ಅವರ ಲೆಟರ್‌ಹೆಡ್ ಮೇಲೆ ಬರೆಸಿಕೊಳ್ಳಿ. ಅವರ ಒಪ್ಪಿಗೆ ಪಡೆದು ಅದನ್ನೇ ಸ್ಕ್ಯಾನ್ ಮಾಡಿ, ವಾಲ್ವ್ ಮಾದರಿಯ ಪಕ್ಕದಲ್ಲಿ ಹಾಕಿ.