ಕಸ ವಿಂಗಡಣೆಗೆ ನಮ್ಮ ಪುರಸಭೆಯ ಜನ ಸಹಕರಿಸುತ್ತಿಲ್ಲ. ಕರಪತ್ರ ಹಂಚಿಯೂ ಆಯಿತು. ಅರಿವು ಮೂಡಿಸುವುದು ಹೇಗೆ?

2017ರಲ್ಲಿ ನಾನೂ ಇದನ್ನೇ ಕೇಳುತ್ತಿದ್ದೆ. ಆಗ ಒಂದು ಸಣ್ಣ ಪುರಸಭೆಯಲ್ಲಿ ಪರಿಸರ ಎಂಜಿನಿಯರ್ ಆಗಿದ್ದೆ. ಕೇಂದ್ರದ ಘನತ್ಯಾಜ್ಯ ನಿಯಮ 2016ರಲ್ಲೇ ಬಂದಿತ್ತು. ಮನೆಯಲ್ಲೇ ಹಸಿ, ಒಣ, ಅಪಾಯಕಾರಿ ಅಂತ ಬೇರೆ ಮಾಡಬೇಕು, ಯಾವುದಕ್ಕೂ ಬಾರದ್ದು ಮಾತ್ರ ಲ್ಯಾಂಡ್‌ಫಿಲ್‌ಗೆ, ಅಂದರೆ ಕಸ ಹೂಳುವ ಜಾಗಕ್ಕೆ, ಹೋಗಬೇಕು ಅಂತ ಅದರಲ್ಲಿತ್ತು.

ನಾನು ಮೊದಲು ಬಕೆಟ್ ಹಂಚಿಸಿದೆ. ಅದೇ ತಪ್ಪು. 23 ವಾರ್ಡಿಗೂ ಒಂದೇ ವಾರದಲ್ಲಿ, ಹಸಿರು ಹಸಿ ಕಸಕ್ಕೆ, ನೀಲಿ ಒಣ ಕಸಕ್ಕೆ. ಬಕೆಟ್‌ಗೆ ದುಡ್ಡು ಬಂದಿತ್ತು, ಮಾರ್ಚ್ ಒಳಗೆ ಖರ್ಚು ತೋರಿಸಬೇಕಿತ್ತು. ಕಸ ಒಯ್ಯುವ ಆಟೋ ಟಿಪ್ಪರ್ ನಡುವೆ ತಗಡು ಹಾಕಿಸಿ ಎರಡು ಭಾಗ ಮಾಡಿಸುವ ಫೈಲ್ ಇನ್ನೂ ಮೇಜಿನ ಮೇಲಿತ್ತು. ಅದು ಬರುವಷ್ಟರಲ್ಲಿ ಜನಕ್ಕೆ ಅಭ್ಯಾಸ ಆಗಲಿ ಅಂದುಕೊಂಡೆ. ಫೈಲ್ ತಡವಾಗಿದ್ದು ತಪ್ಪಲ್ಲ, ಅದು ಎಲ್ಲ ಕಡೆ ಇದ್ದದ್ದೇ. ಗಾಡಿ ತಯಾರಿಲ್ಲ ಅಂತ ಗೊತ್ತಿದ್ದೂ ಜನರ ಕೈಲಿ ಕೆಲಸ ಶುರು ಮಾಡಿಸಿದೆನಲ್ಲ, ಅದು ತಪ್ಪು.

ಮೂರನೇ ದಿನ ಬೆಳಿಗ್ಗೆ ಗಾಡಿಯ ಜೊತೆ ಹೋದೆ. ಒಬ್ಬ ಅಮ್ಮ ಎರಡೂ ಬಕೆಟ್ ತಂದರು. ನೀಲಿಯಲ್ಲಿ ಹಾಲಿನ ಕವರ್‌ಗಳು, ತೊಳೆದು ಒಣಗಿಸಿ ಒಂದರ ಮೇಲೊಂದು ಮಡಿಸಿಟ್ಟಿದ್ದರು. ಪೌರಕಾರ್ಮಿಕ ನನ್ನ ಮುಖ ನೋಡಿ, ತಲೆ ತಗ್ಗಿಸಿ, ಎರಡನ್ನೂ ಒಂದೇ ಕಡೆ ಸುರಿದ. ಪಾಪ, ಅವನಾದರೂ ಏನು ಮಾಡಿಯಾನು? ಕವರ್‌ಗಳು ಹಳಸಿದ ಅನ್ನದ ಮೇಲೆ ಬಿದ್ದವು. ಆ ಅಮ್ಮ ಒಂದು ಮಾತೂ ಆಡಲಿಲ್ಲ. ಮುಂದಿನ ವಾರ ಅದೇ ನೀಲಿ ಬಕೆಟ್ ನಲ್ಲಿಯ ಕೆಳಗಿತ್ತು.

ಐದು ತಿಂಗಳ ಮೇಲೆ ತಗಡು ಬಂತು. ಬೀದಿ ನಾಟಕ ಮಾಡಿಸಿದೆವು, ಮೈಕ್ ಕಟ್ಟಿಕೊಂಡು ಸುತ್ತಿದೆವು. ಯಾರೂ ನಂಬಲಿಲ್ಲ.

ಅದಕ್ಕೇ ನಿಮ್ಮ 'ಅರಿವು' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಜನಕ್ಕೆ ಎಲ್ಲ ಗೊತ್ತು. ಗಾಡಿಯಲ್ಲಿ ಏನಾಗುತ್ತದೆ ಅನ್ನುವುದು ನಿಮಗಿಂತ ಜಾಸ್ತಿ ಗೊತ್ತು. ದಂಡ ಹಾಕಿ ಅಂತಲೂ ಕೆಲವರು ಹೇಳುತ್ತಾರೆ. ನಮ್ಮ ಗಾಡಿಯೇ ಬೆರೆಸುವಾಗ ಯಾವ ಮುಖ ಇಟ್ಟುಕೊಂಡು ದಂಡ ಕೇಳುವುದು?

ಕೊನೆಯಿಂದ ಶುರು ಮಾಡಿ. ಗೊಬ್ಬರದ ಗುಂಡಿ ಮೊದಲು. ಆಮೇಲೆ ಒಣ ಕಸ ಯಾರು ಒಯ್ಯುತ್ತಾರೆ ಅನ್ನುವುದು. ಚಿಂದಿ ಆಯುವವರನ್ನು ಸೇರಿಸಿಕೊಳ್ಳಿ ಅಂತ 2016ರ ನಿಯಮವೇ ಹೇಳಿತ್ತು. ಆಮೇಲೆ ಗಾಡಿ. ಬಕೆಟ್ ಎಲ್ಲಕ್ಕಿಂತ ಕಡೆಗೆ, ಅದೂ ಒಂದೇ ವಾರ್ಡಿಗೆ. ಎರಡನೇ ಸಲ ನಾವು ಹೀಗೇ ಮಾಡಿದೆವು. ನಿಧಾನ ಆಯಿತು, ಆದರೆ ನಿಂತಿತು.

ನಾಳೆ ಬೆಳಿಗ್ಗೆ ನಿಮ್ಮ ಒಂದು ಗಾಡಿಯ ಹಿಂದೆ ಮೊದಲ ಮನೆಯಿಂದ ಕಸ ಸುರಿಯುವ ಯಾರ್ಡಿನವರೆಗೆ ಹೋಗಿ. ಎಲ್ಲಾದರೂ ಬೆರೆತರೆ, ಅದು ಸರಿಯಾಗುವ ತನಕ ಇನ್ನೊಂದು ಕರಪತ್ರ ಅಚ್ಚು ಹಾಕಿಸಬೇಡಿ.