ಮನೆ ಹಿಂದಿನ ಮೂರು ಮೇಪಲ್ ಮರಗಳಿಂದ ಸಿರಪ್ ಮಾಡಲು ಯಾವ ಇವ್ಯಾಪೊರೇಟರ್ (ಮರದ ರಸವನ್ನು ಕಾಸಿ ನೀರು ಇಂಗಿಸುವ ಒಲೆ) ಕೊಳ್ಳಲಿ? ಅಂಗಡಿಯದಕ್ಕಿಂತ ಅಗ್ಗವಾಗುತ್ತದೆಯೇ? (ಒಂಟಾರಿಯೋ, ಕೆನಡಾ)

ಯಾವುದನ್ನೂ ಕೊಳ್ಳಬೇಡಿ. ಮೂರು ಮರಕ್ಕೆ ಇವ್ಯಾಪೊರೇಟರ್ ಅಂದರೆ ನಾಲ್ಕು ಜಲ್ಲೆ ಕಬ್ಬಿಗೆ ಗಾಣ ಹೂಡಿದ ಹಾಗೆ. ಮೊದಲ ವರ್ಷ ನಾನೂ ಒಲೆಯ ಬಗ್ಗೆಯೇ ತಲೆ ಕೆಡಿಸಿಕೊಂಡಿದ್ದೆ. ಕೈಕೊಟ್ಟಿದ್ದು ಒಲೆಯಲ್ಲ, ಥರ್ಮಾಮೀಟರ್.

ಸಿರಪ್ 104 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಇಳಿಸಿ ಅನ್ನುತ್ತಾರೆ. ಸರಿಯಾಗಿ 104ಕ್ಕೇ ಇಳಿಸಿದೆ. ಎರಡು ತಿಂಗಳಲ್ಲಿ ಬಾಟಲಿಗಳ ಮೇಲೆಲ್ಲ ಬೂಷ್ಟು, ಒಂದರಲ್ಲಂತೂ ಹೆಂಡದ ವಾಸನೆ. ಆಮೇಲೆ ಅದೇ ಥರ್ಮಾಮೀಟರನ್ನು ಕುದಿಯುವ ನೀರಿಗೆ ಇಟ್ಟರೆ 101.5 ತೋರಿಸಿತು! 104 ಅನ್ನುವುದು ನೆಚ್ಚಿಕೊಳ್ಳುವ ಸಂಖ್ಯೆಯೇ ಅಲ್ಲ. ನೀರು ಎಷ್ಟಕ್ಕೆ ಕುದಿಯುತ್ತದೋ ಅದಕ್ಕಿಂತ 4 ಡಿಗ್ರಿ ಹೆಚ್ಚು, ಅಷ್ಟೇ ಲೆಕ್ಕ. ನಾನು ಇಳಿಸಬೇಕಿದ್ದದ್ದು 105.5ಕ್ಕೆ. ಒಂದೂವರೆ ಡಿಗ್ರಿ ಏನು ಮಹಾ ಅನ್ನಿಸಬಹುದು. ಆದರೆ 4 ಡಿಗ್ರಿ ಏರಿದಾಗ ಸಕ್ಕರೆ ಶೇ 66 ಇರುತ್ತದೆ, ಎರಡೂವರೆಗೆ ನಿಲ್ಲಿಸಿದರೆ ಶೇ 60 ಕೂಡ ಮುಟ್ಟಿರುವುದಿಲ್ಲ. ಅಷ್ಟು ತೆಳುವಾದದ್ದು ಕೆಡದೆ ಉಳಿಯದು. ಹಾಗಂತ ಜಾಸ್ತಿ ಕಾಸಿದರೆ ಬಾಟಲಿಯ ತಳದಲ್ಲಿ ಕಲ್ಲುಸಕ್ಕರೆ ಕಟ್ಟುತ್ತದೆ. ಇನ್ನೊಂದು ತೊಡಕು: ಥರ್ಮಾಮೀಟರ್ ಸರಿಯಿದ್ದರೂ ವಾಯುಭಾರ ಕುಸಿದ ಮಳೆಮೋಡದ ದಿನ ನೀರು 100ಕ್ಕಿಂತ ಕೆಳಗೇ ಕುದಿಯುತ್ತದೆ. ಆದ್ದರಿಂದ ಸಿರಪ್ ಕಾಸುವ ದಿನವೇ, ಅದೇ ಥರ್ಮಾಮೀಟರಿನಲ್ಲಿ, ಪಕ್ಕದ ಪಾತ್ರೆಯಲ್ಲಿ ನೀರು ಕುದಿಸಿ ನೋಡಿ. ಬಂದ ಸಂಖ್ಯೆಗೆ 4 ಕೂಡಿಸಿ. ಸೌಟಿನಂಚಿನಿಂದ ಹನಿಹನಿಯಾಗಿ ಬೀಳದೆ ಹಾಳೆಯ ಹಾಗೆ ಜಾರಿದರೆ ಪಾಕ ಬಂತು ಅನ್ನುವವರೂ ಇದ್ದಾರೆ. ಜೋನಿ ಬೆಲ್ಲ ಕಾಸುವವರಿಗೆ ಆ ಕಣ್ಣು ಇರುತ್ತದೆ, ನಮಗಿಲ್ಲ. ದುಡ್ಡು ಹಾಕುವುದಿದ್ದರೆ ಸಿರಪ್ ಹೈಡ್ರೋಮೀಟರಿಗೆ, ಅಂದರೆ ಪಾಕದಲ್ಲಿ ತೇಲಿಬಿಟ್ಟು ಅದರ ಸಾಂದ್ರತೆ ಅಳೆಯುವ ಸಾಧನಕ್ಕೆ, ಹಾಕಿ.

ಈಗ ಮರ. ಎದೆಯೆತ್ತರದಲ್ಲಿ ಕಾಂಡ 30 ಸೆಂಟಿಮೀಟರ್ ದಪ್ಪ ಇರಬೇಕು, ಅಂಥದ್ದಕ್ಕೆ ಒಂದೇ ತೂತು. 5/16 ಇಂಚಿನ ಹೊಸ ಡ್ರಿಲ್ ಬಿಟ್, ಒಂದೂವರೆ ಇಂಚು ಆಳ, ಒಳಗಿನಿಂದ ಹೊರಕ್ಕೆ ಸ್ವಲ್ಪ ಇಳಿಜಾರು. ಹೊಟ್ಟು ಕೆನೆಬಣ್ಣದ್ದು ಬಂದರೆ ಜೀವಂತ ಮರ, ಕಂದು ಬಂದರೆ ಜಾಗ ಬದಲಿಸಿ. ರಸ ಬಕೆಟ್ಟಿಗೆ ಇಳಿಸುವ ನಳಿಗೆಯನ್ನು ತೂತಿಗೆ ಮೆಲ್ಲಗೆ ತಟ್ಟಿ ಕೂರಿಸಿ. ಜೋರಾಗಿ ಬಡಿದರೆ ಮರ ಸೀಳಿ ರಸ ಪಕ್ಕದಿಂದ ಸೋರುತ್ತದೆ. ರಾತ್ರಿ ಸೊನ್ನೆಗಿಂತ ಕೆಳಗೆ, ಹಗಲು ಮೇಲೆ ಹೋಗುವ ದಿನಗಳಲ್ಲಿ ಮಾತ್ರ ರಸ ಇಳಿಯುತ್ತದೆ. ನಿಮ್ಮ ಕಡೆ ಹೆಚ್ಚಾಗಿ ಮಾರ್ಚ್. ರಸ ಹಾಲಿನಷ್ಟೇ ಬೇಗ ಕೆಡುತ್ತದೆ. ಬಕೆಟ್ಟನ್ನು ಹಿಮದಲ್ಲಿ ಹೂತಿಡಿ, ಎರಡು ಮೂರು ದಿನದೊಳಗೆ ಕಾಸಿ. ಮೇಲೆ ಮಂಜುಗಡ್ಡೆ ಕಟ್ಟಿದ್ದರೆ ತೆಗೆದೆಸೆಯಿರಿ, ಅದು ಬಹುಪಾಲು ನೀರೇ.

ಸಕ್ಕರೆ ಮೇಪಲ್ ಜಾತಿಯ ಮರದ ರಸದಲ್ಲಿ ಸಿಹಿ ಶೇ 2ರ ಆಸುಪಾಸು. 40 ಲೀಟರಿಗೆ 1 ಲೀಟರ್ ಸಿರಪ್, ಉಳಿದ 39 ಲೀಟರ್ ಆವಿ. ಅಡುಗೆಮನೆಯಲ್ಲಿ ಕಾಸಿದರೆ ಅಷ್ಟೂ ಗೋಡೆಗೆ ಅಂಟುತ್ತದೆ. ಹೊರಗೆ ಸಿಮೆಂಟ್ ಬ್ಲಾಕುಗಳನ್ನು ಜೋಡಿಸಿ, ಮೇಲೆ ಮದುವೆ ಬಫೆಯಲ್ಲಿಡುವಂಥ ಸ್ಟೀಲ್ ಟ್ರೇ ಎರಡು. ಅಗಲವಾದಷ್ಟೂ ಬೇಗ ಆವಿಯಾಗುತ್ತದೆ. ಬಣ್ಣ ಬಳಿದ ಹಲಗೆ ಉರಿಸಬೇಡಿ. ನೊರೆ ಉಕ್ಕಿದರೆ ಒಂದು ಹನಿ ಬೆಣ್ಣೆ ಸಾಕು. ಟ್ರೇಯಲ್ಲಿ ಒಂದೂವರೆ ಇಂಚಿಗಿಂತ ಕಡಿಮೆ ಉಳಿಯಲು ಬಿಡಬೇಡಿ, ಸೀದುಹೋಗುತ್ತದೆ. ಕೊನೆಯ ಪಾಕವನ್ನು ಮಾತ್ರ ಒಳಗೆ ಸಣ್ಣ ಪಾತ್ರೆಯಲ್ಲಿ ಮಾಡಿ, ಬಿಟ್ಟು ಕದಲಬೇಡಿ. ಬಿಸಿಯಿರುವಾಗಲೇ ದಪ್ಪ ಫೆಲ್ಟ್ ಬಟ್ಟೆಯಲ್ಲಿ ಸೋಸಿದರೆ ಮರಳಿನಂಥ ಗಸಿ ಹೋಗುತ್ತದೆ. 85 ಡಿಗ್ರಿಯಲ್ಲಿ ಬಾಟಲಿಗೆ ತುಂಬಿ, ಮುಚ್ಚಿ, ಮಗುಚಿ ಮಲಗಿಸಿ.

ಅಗ್ಗವಂತೂ ಆಗುವುದಿಲ್ಲ. ಮೂರು ನಳಿಗೆಗೆ ಇಡೀ ಋತುವಿನಲ್ಲಿ ಮೂರು ಲೀಟರ್ ಸಿಕ್ಕರೆ ಪುಣ್ಯ. ಪುಕ್ಕಟೆ ಕಟ್ಟಿಗೆ ಇಲ್ಲದಿದ್ದರೆ ಗ್ಯಾಸಿನ ಖರ್ಚೇ ಅಂಗಡಿ ಬೆಲೆಯನ್ನು ನುಂಗುತ್ತದೆ.

ಮೊಗ್ಗು ಊದಿಕೊಂಡ ಮೇಲೆ ಬರುವ ರಸಕ್ಕೆ ಅಡ್ಡವಾಸನೆ. ಆಗ ನಳಿಗೆ ಕಿತ್ತುಬಿಡಿ, ತೂತಿಗೆ ಏನನ್ನೂ ತುರುಕಬೇಡಿ, ಮರವೇ ಮುಚ್ಚಿಕೊಳ್ಳುತ್ತದೆ. ಮುಂದಿನ ವರ್ಷದ ತೂತು ಹಳೆಯದರ ನೇರ ಮೇಲೆ ಕೆಳಗೆ ಬೇಡ, ಪಕ್ಕಕ್ಕೆ ಸರಿಸಿ ಕೊರೆಯಿರಿ.